ಕೊಲೆಸ್ಟರಾಲ್ ಮಾತ್ರೆಯೂ ಮುಪ್ಪಿನ ಮರೆವೂ



ಇತಿಹಾಸ ಪಾಠ ಹೇಳಿದ ಮೇಷ್ಟ್ರು ಔಷಧಿಯ ವಿಚಾರವನ್ನು ಏಕೆ ಎತ್ತಿಕೊಂಡರು ಎಂದು ನಿಮಗೆ ಅನ್ನಿಸಬಹುದು. ಕಾರಣವುಂಟು. ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಪಾಣಿಪತ್ ಕದನಗಳ ಇಸವಿಗಳನ್ನು ಒಪ್ಪಿಸುತ್ತಿದ್ದವರಿಗೇ ಈಗ ಐವತ್ತು ದಾಟಿದೆ. ಮದುವೆ, ಗೃಹಪ್ರವೇಶಗಳಲ್ಲಿ ಕಂಡಾಗ ಹಿಂದೆ ಮಕ್ಕಳ ಅಂಕಗಳ ಮಾತು ಬರುತ್ತಿತ್ತು. ಇತ್ತೀಚೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ಮಾತೇ ಮುಂಚೂಣಿಯಲ್ಲಿರುತ್ತದೆ. ಅವರಲ್ಲಿ ಹಲವರು ರಾತ್ರಿಯ ಊಟವಾದ ಮೇಲೆ ಒಂದು ಸಣ್ಣ ಮಾತ್ರೆಯನ್ನು ನುಂಗುತ್ತಾರೆ. ಅದರ ಹೆಸರಿನ ಕೊನೆಗೆ 'ಸ್ಟಾಟಿನ್' ಎಂದಿರುತ್ತದೆ. 'ಈ ಮಾತ್ರೆ ಮೆದುಳನ್ನು ಒಣಗಿಸುತ್ತದೆಯಂತೆ, ನೆನಪು ಹೋಗುತ್ತದೆಯಂತೆ, ನಿಜವೇ ಸಾರ್?' ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಚಿಂತಾಮಣಿಯಲ್ಲಿರುವ ನಮ್ಮ ಅಕ್ಕನಿಗೆ ಈಗ ಎಪ್ಪತ್ತನಾಲ್ಕು. ಕೆಲವು ವರ್ಷಗಳ ಹಿಂದೆ ಹೃದಯಾಘಾತವಾಗಿ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ. ಕಳೆದ ವರ್ಷದಿಂದ ಹೆಸರುಗಳು ಮರೆಯತೊಡಗಿದುವು. ಹೇಳಿದ್ದನ್ನೇ ಮತ್ತೆ ಹೇಳುವುದು, ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗುವುದು ಮೊದಲಾಯಿತು. ಪರದೇಶದಲ್ಲಿರುವ ಸೋದರಳಿಯ ಮೊಬೈಲಿನಲ್ಲಿ ಬಂದ ಯಾವುದೋ ಸಂದೇಶವನ್ನು ಓದಿ ನಡುರಾತ್ರಿ ನನಗೆ ಫೋನು ಮಾಡಿದ. 'ಮಾವ, ಮುದಿ ನಾಯಿಗಳಿಗೆ ಈ ಮಾತ್ರೆ ಕೊಟ್ಟು ನೋಡಿದ್ದಾರಂತೆ, ಅವುಗಳ ಬುದ್ಧಿ ಮಂಕಾಯಿತಂತೆ. ಅಮ್ಮನ ಮಾತ್ರೆ ನಿಲ್ಲಿಸಿಬಿಡೋಣವೇ?' ಎಂದ. ನಾನು ವೈದ್ಯನಲ್ಲ. ಆದರೆ ಒಂದು ಸಂಗತಿ ಎಲ್ಲಿಂದ ಹೊರಟು ನಮ್ಮ ಮನೆಯ ಬಾಗಿಲಿಗೆ ಹೇಗೆ ಬಂತು ಎಂದು ಹುಡುಕುವುದು ಇತಿಹಾಸದ ಮೇಷ್ಟ್ರಿಗೆ ಅಭ್ಯಾಸ. ಹಾಗೆ ಹುಡುಕಿ ಓದಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ಕೊಲೆಸ್ಟರಾಲ್ ವಿಷವಲ್ಲ. ನಮ್ಮ ಪ್ರತಿಯೊಂದು ಜೀವಕೋಶದ ಪೊರೆಗೂ ಅದು ಬೇಕು. ಮೆದುಳಿನ ತೂಕ ದೇಹದ ತೂಕದ ನೂರಕ್ಕೆ 2 ಪಾಲಿನಷ್ಟು ಮಾತ್ರ. ಆದರೆ ದೇಹದ ಒಟ್ಟು ಕೊಲೆಸ್ಟರಾಲಿನಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಪಾಲು ಅಲ್ಲಿಯೇ ಇದೆ. ಹೀಗಿರಲು ಅದನ್ನು ಇಳಿಸುವ ಔಷಧಿಯಿಂದ ಮೆದುಳಿಗೆ ತೊಂದರೆಯಾದೀತೇ ಎಂಬ ಸಂದೇಹ ಮೂಢರ ಸಂದೇಹವೇನಲ್ಲ. ವಿಜ್ಞಾನಿಗಳೇ ಅದನ್ನು ಕೇಳಿಕೊಂಡಿದ್ದಾರೆ. ಆದರೆ ಇನ್ನೊಂದು ಸಂಗತಿಯನ್ನೂ ಜೊತೆಗಿಟ್ಟು ನೋಡಬೇಕು. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆಗೋಡೆಯಿದೆ. ರಕ್ತದಲ್ಲಿ ಹರಿಯುವ ಕೊಲೆಸ್ಟರಾಲ್ ಅದನ್ನು ದಾಟಿ ಒಳಗೆ ಹೋಗುವುದಿಲ್ಲವೆನ್ನಬಹುದು. ಮೆದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಪೇಟೆಯಲ್ಲಿ ರಾಗಿಯ ಧಾರಣೆ ಏರಿದರೂ ಇಳಿದರೂ ಸ್ವಂತ ಹೊಲದ ರಾಗಿಯನ್ನು ಕಣಜದಲ್ಲಿ ತುಂಬಿಕೊಂಡ ಮನೆಯ ಹಾಗೆ. ಆದ್ದರಿಂದ ರಕ್ತಪರೀಕ್ಷೆಯ ಚೀಟಿಯಲ್ಲಿ ಸಂಖ್ಯೆ ಇಳಿದ ಮಾತ್ರಕ್ಕೆ ಮೆದುಳಿನ ಕಣಜ ಬರಿದಾಯಿತೆಂದು ಭಾವಿಸಲಾಗದು.

ಈ ಕಥೆ ಮೊಲದಿಂದ ಆರಂಭವಾಗುತ್ತದೆ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ನಿಕೊಲಾಯ್ ಅನಿಚ್ಕೋವ್ ಎಂಬ ತರುಣ ವಿಜ್ಞಾನಿಯು ತನ್ನ ಸಹೋದ್ಯೋಗಿಯೊಡನೆ ಮೊಲಗಳಿಗೆ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿದನು. ಅವುಗಳ ರಕ್ತನಾಳಗಳ ಒಳಗೋಡೆಗಳಲ್ಲಿ ಮನುಷ್ಯರ ಹೃದ್ರೋಗದಲ್ಲಿ ಕಾಣುವಂತಹ ಗಂಟುಗಳು ಮೂಡಿದುವು. ಆದರೆ ಇಲಿ, ನಾಯಿಗಳಲ್ಲಿ ಅದೇ ಪ್ರಯೋಗ ಕೈಗೂಡಲಿಲ್ಲ. ಆ ಪ್ರಾಣಿಗಳ ದೇಹವು ಹೆಚ್ಚಾದ ಕೊಲೆಸ್ಟರಾಲನ್ನು ಸುಲಭವಾಗಿ ಹೊರಹಾಕಿಬಿಡುತ್ತದೆ. ಮೊಲ ಹುಲ್ಲು ತಿನ್ನುವ ಪ್ರಾಣಿ, ಅದರ ಮಾತು ಮನುಷ್ಯನಿಗೆ ಹೇಗೆ ಅನ್ವಯಿಸೀತು ಎಂದು ಹಲವರು ಅದನ್ನು ಬಹುಕಾಲ ಬದಿಗಿಟ್ಟರು. ಆದರೆ ಮೊಲದ ಮಾತಿನಲ್ಲಿ ಸತ್ಯವಿತ್ತು. ರಕ್ತದ ಕೊಲೆಸ್ಟರಾಲನ್ನು ಜೀವಕೋಶಗಳು ಹೇಗೆ ಒಳಗೆಳೆದುಕೊಳ್ಳುತ್ತವೆ ಎಂಬುದನ್ನು ಬಿಡಿಸಿ ತೋರಿಸಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂದಾಗ ಆ ಹಳೆಯ ಪ್ರಯೋಗದ ಬೆಲೆ ಎಲ್ಲರಿಗೂ ತಿಳಿಯಿತು.

ಇನ್ನು ಮಾತ್ರೆಯ ವಿಷಯ. ಜಪಾನಿನ ಉತ್ತರ ಭಾಗದ ಅಕಿತ ಸೀಮೆಯ ರೈತ ಕುಟುಂಬವೊಂದರಲ್ಲಿ 1933ರಲ್ಲಿ ಅಕಿರ ಎಂಡೊ ಎಂಬುವರು ಹುಟ್ಟಿದರು. ಬಾಲ್ಯದಿಂದಲೂ ಅವರಿಗೆ ಅಣಬೆ, ಬೂಷ್ಟುಗಳೆಂದರೆ ಕುತೂಹಲ. ಸ್ಯಾಂಕ್ಯೋ ಎಂಬ ಔಷಧಿ ಸಂಸ್ಥೆಯನ್ನು ಸೇರಿ, ನಡುವೆ ಎರಡು ವರ್ಷ ನ್ಯೂಯಾರ್ಕಿನಲ್ಲಿದ್ದಾಗ ಹೃದ್ರೋಗ ಅಲ್ಲಿ ಎಷ್ಟು ಜನರನ್ನು ಬಲಿತೆಗೆದುಕೊಳ್ಳುತ್ತಿದೆಯೆಂಬುದನ್ನು ಕಂಡರು. ಪೆನಿಸಿಲಿನ್ ಬೂಷ್ಟಿನಿಂದ ಬಂತಲ್ಲವೇ? ಹಾಗೆಯೇ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ವಸ್ತುವೂ ಯಾವುದೋ ಬೂಷ್ಟಿನಲ್ಲಿ ಇದ್ದೀತು ಎಂದು ಅವರು ತರ್ಕಿಸಿದರು. 1971ರಲ್ಲಿ ಹುಡುಕಾಟ ಆರಂಭವಾಯಿತು. ಎರಡು ವರ್ಷಗಳಲ್ಲಿ ಸುಮಾರು 6,000 ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿದರು. 1973ರಲ್ಲಿ, ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕ ಹಸಿರು-ನೀಲಿ ಬೂಷ್ಟಿನಿಂದ ಮೊದಲ ಸ್ಟಾಟಿನ್ ದೊರೆಯಿತು. ಅದಕ್ಕೆ ಕಾಂಪ್ಯಾಕ್ಟಿನ್ ಎಂಬ ಹೆಸರಾಯಿತು. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಉಪ್ಪಿನಕಾಯಿಯ ಮೇಲೆ ಬಂದರೆ ಬೈದುಕೊಂಡು ಚೆಲ್ಲುತ್ತೇವಲ್ಲ, ಆ ಕುಲದ್ದೇ ಒಂದು ಬೂಷ್ಟು!

ಗಾಜಿನ ನಳಿಕೆಯಲ್ಲಿ ಗೆದ್ದ ವಸ್ತು ಜೀವಂತ ದೇಹದಲ್ಲಿ ಸೋತಿತು. 1974ರಲ್ಲಿ ಇಲಿಗಳಿಗೆ ವಾರಗಟ್ಟಲೆ ಕೊಟ್ಟರೂ ಅವುಗಳ ಕೊಲೆಸ್ಟರಾಲ್ ಇಳಿಯಲಿಲ್ಲ. ಔಷಧಿ ಯಾವ ಕಿಣ್ವವನ್ನು ತಡೆಯುತ್ತಿತ್ತೋ ಅದನ್ನೇ ಇಲಿಯ ಯಕೃತ್ತು ಹಲವು ಪಟ್ಟು ಹೆಚ್ಚಾಗಿ ತಯಾರಿಸಿ ಸರಿದೂಗಿಸಿಕೊಂಡುಬಿಡುತ್ತಿತ್ತು. ಸಂಸ್ಥೆಯಲ್ಲಿ ಆಸಕ್ತಿ ಕುಗ್ಗಿತು. ಆಗ ಎಂಡೊ ಅವರಿಗೆ ಹೊಳೆದದ್ದು ಕೋಳಿ. ಮೊಟ್ಟೆಯಲ್ಲಿ ಅಷ್ಟೊಂದು ಕೊಲೆಸ್ಟರಾಲ್ ಇದೆಯೆಂದರೆ ಹೇಂಟೆಯ ದೇಹ ಅದನ್ನು ಹೇರಳವಾಗಿ ತಯಾರಿಸುತ್ತಿರಬೇಕಲ್ಲವೇ? 1976ರಲ್ಲಿ ಬೇರೊಂದು ವಿಭಾಗದ ಸಹೋದ್ಯೋಗಿಯೊಬ್ಬರ ಬಳಿ ಇದ್ದ ಕೋಳಿಗಳ ಮೇವಿನಲ್ಲಿ ಔಷಧಿಯನ್ನು ಬೆರೆಸಿ ಒಂದು ತಿಂಗಳು ಕೊಟ್ಟರು. ರಕ್ತದ ಕೊಲೆಸ್ಟರಾಲ್ ಅರ್ಧದಷ್ಟು ಇಳಿಯಿತು. ಅನಂತರ ನಾಯಿಗಳಲ್ಲಿ, ಕೋತಿಗಳಲ್ಲಿಯೂ ಇಳಿಯಿತು. ಇಲಿಯ ಮಾತನ್ನು ಕೊನೆಯ ಮಾತೆಂದು ನಂಬಿದ್ದರೆ ಇಂದು ಜಗತ್ತಿನಲ್ಲಿ ಕೋಟ್ಯಂತರ ಜನ ಸೇವಿಸುವ ಔಷಧಿ ಅಂದೇ ಕಸದ ಬುಟ್ಟಿಯನ್ನು ಸೇರುತ್ತಿತ್ತು.

ಕೋಳಿ ಕಾಪಾಡಿದ ಔಷಧಿಗೆ ನಾಯಿ ಅಡ್ಡ ಬಂತು. ಎರಡು ವರ್ಷಗಳ ಕಾಲ ಅತಿ ಹೆಚ್ಚಿನ ಪ್ರಮಾಣದಲ್ಲಿ ಕಾಂಪ್ಯಾಕ್ಟಿನ್ ಪಡೆದ ನಾಯಿಗಳ ಕರುಳಿನಲ್ಲಿ ಕ್ಯಾನ್ಸರಿನಂತಹ ಬದಲಾವಣೆಗಳು ಕಂಡವೆಂದು 1980ರಲ್ಲಿ ಸ್ಯಾಂಕ್ಯೋ ಸಂಸ್ಥೆ ಆ ಕೆಲಸವನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಅಮೆರಿಕದ ಮರ್ಕ್ ಸಂಸ್ಥೆ ಬೇರೊಂದು ಬೂಷ್ಟಿನಿಂದ ಲೋವಾಸ್ಟಾಟಿನ್ ಎಂಬ ತಂಗಿಯನ್ನು ಕಂಡುಹಿಡಿದಿತ್ತು. ಸುದ್ದಿ ತಿಳಿದು ಅವರೂ ನಿಲ್ಲಿಸಿದರು. ಆದರೆ ಹೃದ್ರೋಗದಿಂದ ನರಳುವ ರೋಗಿಗಳನ್ನು ಕಣ್ಣಾರೆ ಕಾಣುತ್ತಿದ್ದ ವೈದ್ಯರ ಒತ್ತಾಯದಿಂದ ಮತ್ತೆ ಕೈಗೆತ್ತಿಕೊಂಡು, ನಾಯಿಗಳಲ್ಲಿ ದೀರ್ಘಕಾಲದ ಪರೀಕ್ಷೆಗಳನ್ನು ತಾವೇ ನಡೆಸಿದಾಗ ಅವರಿಗೆ ಅಂತಹ ಗಡ್ಡೆಗಳು ಕಾಣಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ಲೋವಾಸ್ಟಾಟಿನ್ ಮಾರಾಟಕ್ಕೆ ಅನುಮತಿ ಕೊಟ್ಟಿತು.

ಮಾತ್ರೆಯಿಂದ ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1994ರಲ್ಲಿ. ಉತ್ತರ ಯೂರೋಪಿನ ದೇಶಗಳಲ್ಲಿ 4,444 ಮಂದಿ ಹೃದ್ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಮ್ವಾಸ್ಟಾಟಿನ್, ಇನ್ನೊಂದಕ್ಕೆ ಅದೇ ರೂಪದ ಹುಸಿ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಮಿಗಿಲಾಗಿ ನೋಡಿದರು. ಹುಸಿ ಮಾತ್ರೆಯ ಗುಂಪಿನಲ್ಲಿ 256 ಸಾವುಗಳು; ಔಷಧಿಯ ಗುಂಪಿನಲ್ಲಿ 182. ಈ ಎರಡು ಸಂಖ್ಯೆಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಈಗಾಗಲೇ ಹೃದಯಾಘಾತವಾದವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದಾಗ ಕಳೆದುಕೊಳ್ಳುವುದು ಏನು ಎಂಬುದರ ಲೆಕ್ಕ ಈ ಎರಡರ ನಡುವಿನ ಅಂತರದಲ್ಲಿದೆ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಉಂಟು. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನಲ್ಲಿ ಚಿಕ್ಕದಾಗಿ ಆರಂಭಿಸಿದ ಬಯೋಕಾನ್ ಮೊದಲು ಪರಂಗಿಕಾಯಿಯ ಹಾಲಿನಿಂದ ಬರುವಂತಹ ಕಿಣ್ವಗಳನ್ನು ತಯಾರಿಸುತ್ತಿತ್ತು. ಕಿಣ್ವಗಳಿಗಾಗಿ ಬೂಷ್ಟು ಬೆಳೆಸುವ ವಿದ್ಯೆ ಕೈಗೆ ಹತ್ತಿದ ಮೇಲೆ ಅದರಿಂದಲೇ ಸ್ಟಾಟಿನ್ ತಯಾರಿಕೆಗೆ ತಿರುಗಿತು. 2001ರಲ್ಲಿ ಲೋವಾಸ್ಟಾಟಿನ್ ತಯಾರಿಸಲು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯಿತು. ಕ್ಯೋಟೊದ ಅಕ್ಕಿಯಂಗಡಿಯಲ್ಲಿ ಆರಂಭವಾದದ್ದು ಕಾಲು ಶತಮಾನದ ನಂತರ ನಮ್ಮ ರಾಜಧಾನಿಯ ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಬೆಳೆಯತೊಡಗಿತು. ಸ್ಟಾಟಿನ್‌ಗಳ ಪೇಟೆಂಟ್ ಅವಧಿಗಳು ಒಂದೊಂದಾಗಿ ಮುಗಿದು, ಹಲವು ಸಂಸ್ಥೆಗಳು ತಯಾರಿಕೆಗೆ ಇಳಿದುದರಿಂದ ಬೆಲೆಯೂ ಇಳಿಯಿತು. ಇಂದು ಗುಡಿಬಂಡೆ, ಬಾಗೇಪಲ್ಲಿಗಳ ಔಷಧಿ ಅಂಗಡಿಗಳಲ್ಲೂ ಅದು ಸಿಗುತ್ತದೆ.

ಈಗ ಸೋದರಳಿಯನ ನಾಯಿಗಳ ವಿಚಾರಕ್ಕೆ ಬರೋಣ. 1994ರಲ್ಲಿ ಅಮೆರಿಕದ ಸಂಶೋಧಕರು ಕೊಲೆಸ್ಟರಾಲ್ ತಿನ್ನಿಸಿದ ಮೊಲಗಳ ಮೆದುಳಿನಲ್ಲಿ, ಆಲ್‌ಝೈಮರ್ ಕಾಯಿಲೆಯವರ ಮೆದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ವಸ್ತುವನ್ನು ಕಂಡರು. ಹಾಗಾದರೆ ಕೊಲೆಸ್ಟರಾಲ್ ಇಳಿಸಿದರೆ ಮರೆವಿನ ಕಾಯಿಲೆಯೂ ತಗ್ಗೀತೇ ಎಂಬ ಆಸೆ ಹುಟ್ಟಿತು. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಿಮ್ವಾಸ್ಟಾಟಿನ್ ಪಡೆದ ಚಿಕ್ಕಿಲಿಗಳು ಕಲಿಕೆಯಲ್ಲಿ, ನೆನಪಿನಲ್ಲಿ ಮೊದಲಿಗಿಂತ ಮೇಲಾದುವು. ವಿಚಿತ್ರವೆಂದರೆ ಅವುಗಳ ಮೆದುಳಿನ ಅಮೈಲಾಯ್ಡ್ ಕಡಿಮೆಯಾಗಿರಲಿಲ್ಲ.

ಅನಂತರ ಬಂದುದು ಮುದಿ ಬೀಗಲ್ ನಾಯಿಗಳ ಪ್ರಯೋಗ. ನಾಯಿಯನ್ನೇ ಏಕೆ ಆರಿಸಿದರು? ವಯಸ್ಸಾದಂತೆ ನಾಯಿಯ ಮೆದುಳಿನಲ್ಲಿ ಅಮೈಲಾಯ್ಡ್ ತಾನಾಗಿಯೇ ಸೇರಿಕೊಳ್ಳುತ್ತದೆ. ಅದರ ರಚನೆಯೂ ಮನುಷ್ಯರದರಂತೆಯೇ. ಮುದಿ ನಾಯಿಗೂ ಮರೆವು ಬರುತ್ತದೆ. ಮುದಿ ನಾಯಿ ಸಾಕಿದವರಿಗೆ ಇದು ಗೊತ್ತು. ಪರಿಚಿತರನ್ನು ಕಂಡು ಬೊಗಳುತ್ತದೆ, ಹಗಲು ಮಲಗಿ ರಾತ್ರಿಯೆಲ್ಲ ಅಂಗಳದಲ್ಲಿ ಸುತ್ತುತ್ತದೆ. ಕೆಂಟಕಿ ವಿಶ್ವವಿದ್ಯಾನಿಲಯದ ಸಂಶೋಧಕರು ಅಂತಹ ನಾಯಿಗಳಿಗೆ ದಿನಕ್ಕೆ 80 ಮಿಲಿಗ್ರಾಂ ಅಟೋರ್ವಾಸ್ಟಾಟಿನ್‌ನಂತೆ ವರ್ಷಕ್ಕೂ ಹೆಚ್ಚು ಕಾಲ ಕೊಟ್ಟು ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಎರಡು ವಸ್ತುಗಳಲ್ಲಿ ಒಂದರ ಕೆಳಗೆ ತಿಂಡಿ ಇಟ್ಟು ಅದನ್ನು ಕಲಿಸುವುದು. ಕಲಿತ ಮೇಲೆ ತಿಂಡಿಯನ್ನು ಇನ್ನೊಂದರ ಕೆಳಗಿಟ್ಟು, ಹಳೆಯ ಪಾಠವನ್ನು ಬಿಟ್ಟು ಹೊಸದನ್ನು ಕಲಿಯುತ್ತದೆಯೇ ಎಂದು ನೋಡುವುದು. ಈ ತಿರುವು ಪಾಠದಲ್ಲಿ ಔಷಧಿ ಪಡೆದ ನಾಯಿಗಳು ಹಿಂದೆ ಬಿದ್ದುವು. ಆದರೆ ಆ ಹಿನ್ನಡೆ ತಾತ್ಕಾಲಿಕವಾಗಿತ್ತು, ಅನಂತರ ಉಳಿಯಲಿಲ್ಲ. ಮೊಬೈಲಿನ ಸಂದೇಶದಲ್ಲಿ ಬಿಟ್ಟುಹೋಗಿದ್ದುದು ಈ 'ತಾತ್ಕಾಲಿಕ' ಎಂಬ ಪದ. ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿ. ಬೀಗಲ್ ನಾಯಿಯ ತೂಕ ಹತ್ತು ಕಿಲೋದ ಆಸುಪಾಸು. ಅರವತ್ತು ಕಿಲೋ ತೂಗುವ ಮನುಷ್ಯನಿಗೇ 80 ಮಿಲಿಗ್ರಾಂ ಗರಿಷ್ಠ ಪ್ರಮಾಣ. ನಮ್ಮಲ್ಲಿ ಹಲವರು ಸೇವಿಸುವುದು 10 ಅಥವಾ 20.

ಚಿಕ್ಕಿಲಿಯದು ಒಂದು ಮಾತು, ನಾಯಿಯದು ಇನ್ನೊಂದು ಮಾತು. ಹಾಗಾದರೆ ಮನುಷ್ಯರ ಮಾತೇನು? 2000ದಲ್ಲಿ ಆಸ್ಪತ್ರೆಗಳ ದಾಖಲೆಗಳನ್ನು ನೋಡಿದವರು ಸ್ಟಾಟಿನ್ ಸೇವಿಸುವವರಲ್ಲಿ ಮರೆವಿನ ಕಾಯಿಲೆ ಕಡಿಮೆಯೆಂದು ಬರೆದರು, ಪತ್ರಿಕೆಗಳು ಕೊಂಡಾಡಿದುವು. ಆದರೆ ದಾಖಲೆಯ ಸಾಕ್ಷ್ಯದಲ್ಲಿ ಒಂದು ತೊಡಕಿದೆ. ಮರೆವು ಆವರಿಸಿದವರಿಗೆ ವೈದ್ಯರು ಹೊಸ ಮಾತ್ರೆ ಬರೆದುಕೊಡುವುದೇ ಕಡಿಮೆ. ಆರೋಗ್ಯದ ಎಚ್ಚರವುಳ್ಳವರೇ ಮಾತ್ರೆಯನ್ನು ತಪ್ಪದೆ ನುಂಗುವವರು. 2002ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲ ಬಂತು. ಸ್ಕಾಟ್ಲೆಂಡ್, ಐರ್ಲೆಂಡ್, ನೆದರ್ಲೆಂಡ್ಸ್‌ಗಳಲ್ಲಿ 70ರಿಂದ 82 ವಯಸ್ಸಿನ 5,804 ಹಿರಿಯರು ಒಂದರಲ್ಲಿ. ಬ್ರಿಟನ್ನಿನ 20,536 ಮಂದಿ ಇನ್ನೊಂದರಲ್ಲಿ. ಎರಡರಲ್ಲೂ ಮಾತ್ರೆ ಪಡೆದವರಿಗೂ ಹುಸಿ ಮಾತ್ರೆ ಪಡೆದವರಿಗೂ ನೆನಪಿನ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಮರೆವನ್ನು ತರಲೂ ಇಲ್ಲ, ತಡೆಯಲೂ ಇಲ್ಲ. 2010ರಲ್ಲಿ, ಆಗಲೇ ಆಲ್‌ಝೈಮರ್ ಇದ್ದ ಸುಮಾರು 640 ಮಂದಿಗೆ ಅಟೋರ್ವಾಸ್ಟಾಟಿನ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿಯೂ ಪ್ರಯೋಜನ ಕಾಣಲಿಲ್ಲ.

ಹಾಗೆಂದು ದೂರಿದವರೆಲ್ಲ ಸುಳ್ಳು ಹೇಳಿದರೆಂದೇನೂ ಅಲ್ಲ. ಮಾತ್ರೆ ಆರಂಭಿಸಿದ ಮೇಲೆ ಮಂಕು ಕವಿದಂತಾಯಿತೆಂದು ಕೆಲವರು ಹೇಳಿದ್ದನ್ನು ಗಮನಿಸಿ 2012ರ ಫೆಬ್ರವರಿಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಆ ವಿಷಯವನ್ನು ಔಷಧಿಯ ವಿವರ ಚೀಟಿಯಲ್ಲಿ ಸೇರಿಸಲು ಆಜ್ಞೆ ಮಾಡಿತು. ಅಂತಹ ತೊಂದರೆ ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ ಎಂದೂ ತಿಳಿಸಿತು. ರಕ್ತದ ಸಕ್ಕರೆ ಸ್ವಲ್ಪ ಏರಬಹುದೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಸ್ನಾಯುಗಳ ನೋವು ಮೊದಲಿನಿಂದಲೂ ಗೊತ್ತಿದ್ದದ್ದೇ.

ಇದನ್ನೆಲ್ಲ ಸೋದರಳಿಯನಿಗೆ ವಿವರಿಸಿ, 'ನಿಲ್ಲಿಸುವುದಾದರೆ ವೈದ್ಯರು ನಿಲ್ಲಿಸಲಿ. ಮೊದಲು ಅಕ್ಕನಿಗೆ ಮರೆವು ಏಕೆ ಬಂದಿದೆ ಎಂದು ಕೇಳೋಣ' ಎಂದೆ. ವೈದ್ಯರು ಥೈರಾಯ್ಡ್, ಬಿ-12 ಜೀವಸತ್ವ, ಕಿವಿಯ ಶಕ್ತಿ ಎಲ್ಲವನ್ನೂ ನೋಡಿದರು. ಬಿ-12 ಬಹಳ ಕೆಳಗಿತ್ತು. ಒಂದು ಕಿವಿ ಮುಕ್ಕಾಲು ಮಂದವಾಗಿತ್ತು. ಚುಚ್ಚುಮದ್ದು ಕೊಟ್ಟರು, ಕೊಲೆಸ್ಟರಾಲ್ ಮಾತ್ರೆಯನ್ನು ಮುಂದುವರಿಸಿದರು. ಕೆಲವು ತಿಂಗಳಲ್ಲಿ ಅಕ್ಕ ಬಹುಮಟ್ಟಿಗೆ ಸುಧಾರಿಸಿದರು. ಎಲ್ಲವೂ ಮರಳಲಿಲ್ಲ; ಮೊಮ್ಮಕ್ಕಳ ಹೆಸರು ಈಗಲೂ ಅದಲುಬದಲಾಗುತ್ತದೆ. ಆದರೆ ಒಲೆಯ ಮೇಲಿನ ಹಾಲು ಉಕ್ಕುತ್ತಿಲ್ಲ. ಒಂದು ಮನೆಯ ಅನುಭವದಿಂದ ಸಿದ್ಧಾಂತ ಮಾಡಲಾಗದು. ಮರೆವಿಗೆ ಮಾತ್ರೆಯೊಂದೇ ಅಪರಾಧಿಯಲ್ಲವೆಂಬುದಕ್ಕೆ ಉದಾಹರಣೆಯಾಗಿ ಮಾತ್ರ ಹೇಳಿದೆ.

ನನಗೆ ಬಹಳ ದಿನದಿಂದ ಇದ್ದ ಕೊರಗೊಂದಿತ್ತು. ಮೇಲೆ ಹೇಳಿದ ಹಿರಿಯರೆಲ್ಲ ಯೂರೋಪ್, ಅಮೆರಿಕದವರು. ರಾಗಿಮುದ್ದೆ, ಸೊಪ್ಪಿನ ಸಾರು ಉಂಡು, ಬಿಸಿಲಿನಲ್ಲಿ ದುಡಿದು, ಶಾಲೆಯ ಮೆಟ್ಟಿಲನ್ನೇ ಹತ್ತದೆ ಮುಪ್ಪಾದ ನಮ್ಮ ಕಳವಾರ ಸೀಮೆಯ ಅಜ್ಜ ಅಜ್ಜಿಯರನ್ನು ಕೇಳಿದವರು ಯಾರು? ಇಲಿಯ ಮಾತು ಕೋಳಿಗೆ ಸಲ್ಲದಂತೆ ಆ ಊರಿನವರ ಮಾತು ಈ ಊರಿನವರಿಗೆ ಪೂರ್ತಿ ಸಲ್ಲುವುದೆಂದು ಹೇಗೆ ನಂಬುವುದು? ಈ ಕೊರಗಿಗೆ ಸಮಾಧಾನ ನೆರೆಯ ತಾಲ್ಲೂಕಿನಲ್ಲಿಯೇ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರವಿದೆ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಅದರ ಸ್ಥಾಪಕ ನಿರ್ದೇಶಕರು. ಆ ಕೇಂದ್ರವು 2018ರಲ್ಲಿ ನಮ್ಮ ಚಿಂತಾಮಣಿಗೆ ಅಂಟಿಕೊಂಡಿರುವ, 2007ರವರೆಗೆ ನಾವೆಲ್ಲ ಒಂದೇ ಜಿಲ್ಲೆಯಾಗಿದ್ದ ಮಾವಿನ ನಾಡು ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಂದು ದೀರ್ಘ ಅಧ್ಯಯನವನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಅವರ ಜೊತೆಗಿದ್ದು, ರಕ್ತ, ಹೃದಯ, ನೆನಪು, ಮೆದುಳಿನ ಚಿತ್ರ ಎಲ್ಲವನ್ನೂ ಮತ್ತೆ ಮತ್ತೆ ನೋಡುವುದು ಅದರ ಗುರಿ. ಕೊಲೆಸ್ಟರಾಲ್ ಮೊದಲಾದ ಕೊಬ್ಬಿನ ಏರುಪೇರು ಪಟ್ಟಣದವರ ಕಾಯಿಲೆಯೆಂದು ನಾವು ಭಾವಿಸಿದ್ದೆವು. ಅದು ಆ ಹಳ್ಳಿಗಳಲ್ಲೂ ವ್ಯಾಪಕವಾಗಿದೆಯೆಂದು ಅವರು ಈಗಾಗಲೇ ಪ್ರಕಟಿಸಿದ್ದಾರೆ. ಓದುಬರಹ ಬಾರದವರ ನೆನಪನ್ನು ಅಳೆಯುವುದು ಸುಲಭವಲ್ಲ. ಇಂದು ಯಾವ ತಾರೀಖು ಎಂದು ಕೇಳಿದರೆ ಉತ್ತರಿಸಲಾಗದ ಅಜ್ಜಿ, ಹದಿನೈದು ವರ್ಷದ ಹಿಂದೆ ಯಾವ ಮಳೆಗೆ ಯಾವ ಹೊಲ ಬಿತ್ತಿದರೆಂದು ಹೇಳಬಲ್ಲಳು. ಅವಳ ನೆನಪಿಗೆ ತಕ್ಕ ಪ್ರಶ್ನೆಗಳನ್ನು ಕೇಳಬೇಕು. ಪರೀಕ್ಷೆಯ ಪತ್ರಿಕೆ ತಯಾರಿಸಿದ ಯಾವ ಮೇಷ್ಟ್ರಿಗಾದರೂ ಈ ಕಷ್ಟ ಅರ್ಥವಾಗುತ್ತದೆ.

ಮುಪ್ಪೆಂದರೆ ಮರೆವೇ ಎಂದು ತಿಳಿಯಬೇಕಾಗಿಲ್ಲ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳ ಪುಸ್ತಕವನ್ನು ಪ್ರಕಟಿಸಿದ್ದು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ಎಲ್ಲರಿಗೂ ಆ ಭಾಗ್ಯವಿಲ್ಲ, ನಿಜ. ಆದರೆ ಮರೆವು ಬಂದಾಗ 'ವಯಸ್ಸಾಯಿತು, ಇನ್ನೇನು' ಎಂದು ಕೈಬಿಡುವುದೂ, ಕೈಗೆ ಸಿಕ್ಕ ಮಾತ್ರೆಯ ಮೇಲೆ ತಪ್ಪು ಹೊರಿಸುವುದೂ ಎರಡೂ ಸಲ್ಲದು. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪವಾಡಕ್ಕೆ ಕೇಳುವ ಪ್ರಶ್ನೆಯನ್ನೇ ಭಯಕ್ಕೂ ಕೇಳಬೇಕು: ಯಾರು ನೋಡಿದರು, ಎಷ್ಟು ಮಂದಿಯಲ್ಲಿ ನೋಡಿದರು, ಹೋಲಿಸಲು ಇನ್ನೊಂದು ಗುಂಪಿತ್ತೇ?

ಎಂಡೊ ಅವರು 2024ರ ಜೂನ್ ತಿಂಗಳಿನಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಶ್ರೀನಿವಾಸಪುರದ ಹಿರಿಯರ ಉತ್ತರ ಪೂರ್ತಿಯಾಗಿ ಬರಲು ಇನ್ನೂ ಹಲವು ವರ್ಷ ಬೇಕು. ಅಷ್ಟರಲ್ಲಿ ನಿಮ್ಮ ತಂದೆತಾಯಿಯರ ಮಾತ್ರೆಯ ಬಗ್ಗೆ ಸಂದೇಹ ಬಂದರೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿನಿಂದ, ಮರೆವು ಮೊದಲು ಕಂಡದ್ದು ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಇಸವಿ ಸಹಿತ ಬರೆದುಕೊಂಡು ವೈದ್ಯರ ಬಳಿ ಹೋಗಿ. ಇಸವಿಗಳನ್ನು ನೆನಪಿಡಿ ಎಂದು ತರಗತಿಯಲ್ಲಿ ಪೀಡಿಸುತ್ತಿದ್ದ ಮೇಷ್ಟ್ರು ಈಗ ಬರೆದಿಡಿ ಎನ್ನುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.